ನಿಂತಲ್ಲೇ ಓಡಿದ ಗಾಡಿ

ಫೆಬ್ರುವರಿ 3, ಸೋಮವಾರ. ಬೆಳಗ್ಗೆ

ಸೋಸುವ ಮೋಟಾರು ಹಾಕಿ ಬಂದು ಕುಳಿತೆ. ಜೇನು ಇಳಿಯುವವರೆಗೆ ಅದು ತಿರುಗುತ್ತಿರಬೇಕು. ಆ ಗದ್ದಲದಲ್ಲಿ ಯಾರೂ ನನ್ನನ್ನು ಮಾತಾಡಿಸಲಾರರು. ಬರೆಯಲು ಇದೇ ಹೊತ್ತು.

ನಾನು ಈ ಮನೆಯ ಹಿರಿಯಳು. ಹತ್ತನೇ ತರಗತಿ, ಫಸ್ಟ್ ಕ್ಲಾಸ್. ಜೇನು ಸಾಕುವುದು ಗಂಡನ ಮನೆಯ ಕಸುಬು. ಅದನ್ನು ಸೋಸಿ, ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಅಂಗಡಿಗಳಿಗೆ ಮುಟ್ಟಿಸಿದವಳು ನಾನು. ಬೀಗದ ಕೀಲಿಗಳ ಗೊಂಚಲು ನನ್ನ ಸೊಂಟದಲ್ಲಿ. ಮಗಳು ವ್ಯವಹಾರ ನೋಡುತ್ತಾಳೆ, ಮಗಳನ್ನು ನಾನು ನೋಡುತ್ತೇನೆ. ಆಡಿದ ಮಾತನ್ನು ಇಲ್ಲಿಯವರೆಗೆ ಹಿಂದಕ್ಕೆ ತೆಗೆದುಕೊಂಡಿಲ್ಲ.

ಇಷ್ಟಿದ್ದೂ ನಿನ್ನೆ ಊಟಕ್ಕೆ ಕುಳಿತಾಗ ನನ್ನನ್ನು ಒಂದು ಮಾತು ಕೇಳದೆ ಜೀಪು ಮಾರುವ ವಿಷಯ ಎತ್ತಿದಳು.

"ಅಮ್ಮ, ಲೀಟರಿಗೆ ಏಳು ಕಿಲೋಮೀಟರ್ ಕೊಡ್ತಾ ಇದೆ. ಏಳು! ಮೊದಲು ಹನ್ನೆರಡು ಕೊಡ್ತಿತ್ತು. ಅದು ಗಾಡಿ ಅಲ್ಲ, ಕುಡುಕ."

"ಅದಕ್ಕೆ ವಯಸ್ಸಾಯ್ತು. ನಿನಗೂ ಆಗುತ್ತೆ."

"ಅದರ ತಪ್ಪನ್ನೆಲ್ಲ ನೀನು ಹೊಟ್ಟೆಗೆ ಹಾಕ್ಕೋ. ಪೆಟ್ರೋಲನ್ನ ಅದು ಹೊಟ್ಟೆಗೆ ಹಾಕ್ಕೊಳ್ಳುತ್ತೆ."

ನನ್ನ ತಮ್ಮ ಕಿಸಕ್ಕೆಂದು ನಕ್ಕ. ಗುಡ್ಡದ ಮೇಲಕ್ಕೆ ಜೇನುಪೆಟ್ಟಿಗೆ ಸಾಗಿಸಲು ಜೀಪು ಓಡಿಸುವವನು ಅವನೇ. ಊಟವೂ ಇಲ್ಲೇ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರದೇ ಜೀಪು, ಮದುವೆಯಾದ ಹೊಸದರಲ್ಲಿ ಕೊಂಡದ್ದು... ಒಂದು "ಬೇಡ" ಅನ್ನಬಾರದೆ?

ಅನ್ನಲಿಲ್ಲ. ನಾನೇ ಅಂದೆ. "ಕಾರಣ ಇಲ್ಲದೆ ಯಾವುದೂ ಹಾಗೆ ಕುಡಿಯೋದಿಲ್ಲ. ಮಾರ್ಚ್ ಮುಗಿಯೋದರೊಳಗೆ ಕಾರಣ ಹುಡುಕ್ತೀನಿ. ಸಿಗದಿದ್ದರೆ ಮಾರು. ತುಟಿ ಪಿಟಕ್ ಅನ್ನೋದಿಲ್ಲ."

"ಮಾತು ಅಂದರೆ ಮಾತು ತಾನೆ?"

"ಯಾರ ಹತ್ತಿರ ಕೇಳ್ತಿದೀಯ?"

ಕೊಳ್ಳುವವನನ್ನು ಆಗಲೇ ಗೊತ್ತುಮಾಡಿ ಇಟ್ಟುಕೊಂಡಿದ್ದಾಳೆ, ಮುಖ ನೋಡಿದರೆ ತಿಳಿಯುತ್ತದೆ.

ಜಾಡಿ ಅಲಮಾರಿಯ ಕೀಲಿ ಕಳೆದು ಎಷ್ಟೋ ಕಾಲವಾಯಿತು. ಹೊಸದು ಮಾಡಿಸಬೇಕು. ಮರೆಯುತ್ತಲೇ ಇದ್ದೇನೆ.

ಫೆಬ್ರುವರಿ 5

ಗ್ಯಾರೇಜಿನವನು ಬಂದ. ಆಳಿಗಿಂತ ಬಾಯಿ ದೊಡ್ಡದು. ಬಾನೆಟ್ ಎತ್ತುವ ಮೊದಲೇ "ಕಾರ್ಬುರೇಟರ್" ಎಂದ.

"ನೋಡದೆ ಹೇಗೆ ಹೇಳ್ತೀಯ?"

"ಇಂಜಿನ್ ಶಬ್ದ ಕೇಳಿದರೆ ಸಾಕು ಅಮ್ಮ, ಅದರ ಜಾತಕ ಹೇಳ್ತೀನಿ."

"ಇಂಜಿನ್ ಇನ್ನೂ ಹಾಕೇ ಇಲ್ವಲ್ಲಪ್ಪ."

ತಮ್ಮ ಮತ್ತೆ ಕಿಸಕ್ಕೆಂದ. ಅವನಿಗೆ ನಗುವುದೇ ಒಂದು ಉದ್ಯೋಗ.

ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಬಡಿದಾಗ ಧೂಳಿನ ಜೊತೆಗೆ ಸತ್ತ ಜೇನುಹುಳುಗಳು ಉದುರಿದವು. ಒಂದು ಬೊಗಸೆ ತುಂಬ. "ಇದು ಗಾಡಿನೋ ಗೂಡೋ?" ಎಂದ. ಗಾಳಿ ಸಾಲದಿದ್ದರೆ ಇಂಜಿನ್ ಪೆಟ್ರೋಲನ್ನೇ ಜಾಸ್ತಿ ಎಳೆಯುತ್ತದಂತೆ. ಪ್ಲಗ್ಗುಗಳು ಕಾಡಿಗೆಯಷ್ಟು ಕಪ್ಪು. ಹೊಸವು ಹಾಕಿಸಿದೆ.

"ಹಾರ್ನೂ ಸತ್ತಿದೆ ಅಮ್ಮ. ಕೈ ಹಾಕಲಾ?"

"ಮೈಲೇಜಿಗೂ ಹಾರ್ನಿಗೂ ಏನು ಸಂಬಂಧ? ಹೇಳಿದ್ದಷ್ಟು ಮಾಡು."

ತಮ್ಮ ಹಾರ್ನಿಲ್ಲದೆ ಬಾಗಿಲು ಬಡಿಯುತ್ತ ಓಡಿಸುತ್ತಾನೆ. ಹಾಗೇ ಓಡಿಸಲಿ.

ಫೆಬ್ರುವರಿ 9, ಭಾನುವಾರ. ಸಂಜೆ

ನಾನೇ ಅಳೆಯಬೇಕೆಂದು ಹೊರಟೆ. ನಿನ್ನೆ ಸಂಜೆ ಬಂಕಿನಲ್ಲಿ ಕಂಠಮಟ್ಟ ತುಂಬಿಸಿದ್ದು, ಇವತ್ತು ಗುಡ್ಡದ ಪೆಟ್ಟಿಗೆಗಳವರೆಗೆ ಹೋಗಿ ಬಂದದ್ದು, ಅದೇ ಬಂಕಿನಲ್ಲಿ ಮತ್ತೆ ಕಂಠಮಟ್ಟ. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ. ಇದಕ್ಕೆ ಗ್ಯಾರೇಜಿನವನು ಯಾಕೆ?

ಎಂಟೂವರೆ. ಏಳರಿಂದ ಎಂಟೂವರೆ. ಹುಳುಗಳು ತಿಂದದ್ದು ಒಂದೂವರೆ.

ದಾರಿಯಲ್ಲಿ ಟೈರ್ ನೋಡಿದೆ. ಹೊಟ್ಟೆ ಇಳಿಬಿಟ್ಟುಕೊಂಡಿದ್ದವು. "ಗಾಳಿ ಯಾಕೆ ಇಷ್ಟು ಕಡಿಮೆ?"

"ಕಲ್ಲುದಾರಿ ಅಕ್ಕ. ಗಾಳಿ ಗಟ್ಟಿಯಾದರೆ ಪೆಟ್ಟಿಗೆ ಕುಲುಕಿ ಹುಳು ರೇಗುತ್ತೆ. ನಿನ್ನ ಹಾಗೆ."

"ಗುಡ್ಡ ಇಳಿದ ಮೇಲೆ ತುಂಬಿಸೋದಕ್ಕೇನು?"

"ಸೋಮಾರಿತನ" ಎಂದ. ಸುಳ್ಳು ಹೇಳುವವನಲ್ಲ, ಅದೊಂದು ಗುಣ.

ಪಕ್ಕದ ಸೀಟಿನಲ್ಲಿ ಕುಳಿತು ಎರಡು ವರ್ಷದ ಮೇಲಾಗಿತ್ತು. ಮುಂದಿನ ಹಿಡಿಕಂಬಿಯ ಬಣ್ಣ ಸವೆದು ಬೆಳ್ಳಗಾಗಿದೆ. ನನ್ನ ಕೈಯೇ ಸವೆಸಿದ್ದು.

ಬರೆಯಬೇಕೋ ಬೇಡವೋ... ಓದುವವರು ಯಾರಿದ್ದಾರೆ. ಬರೆಯುತ್ತೇನೆ.

ಇವರು ಮನೆಯಲ್ಲಿ ಮಾತಿನ ಮನುಷ್ಯರಲ್ಲ. ಅತ್ತೆ, ಮಾವ, ಮೈದುನಂದಿರು ತುಂಬಿದ ಮನೆ. ಇವರು "ಹೂಂ" ಬಿಟ್ಟರೆ "ಊಹೂಂ". ಹೆಸರು ಹಿಡಿದು ಕರೆದದ್ದಿಲ್ಲ. ಪೆಟ್ಟಿಗೆ ನೋಡಲು ಹೊರಟಾಗ ಶೆಡ್ಡಿನಿಂದ ಒಂದು ಹಾರ್ನ್. ಒಂದೇ ಸಲ, ಗಿಡ್ಡನೆ. ಅತ್ತೆಗೆ ಅದು ಹಾರ್ನ್, ನನಗೆ ಅದು ನನ್ನ ಹೆಸರು. ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಸ್ಟಿಯರಿಂಗ್ ಹಿಡಿದು ಮೊದಲ ತಿರುವು ದಾಟಿದರೆ ಬೇರೆಯೇ ಮನುಷ್ಯ. ಎಷ್ಟು ಮಾತು! ಯಾವ ಗುಡ್ಡದ ಹೂವು ಯಾವಾಗ, ಯಾವ ಮೈದುನ ಯಾಕೆ ಮುಖ ಊದಿಸಿಕೊಂಡಿದ್ದಾನೆ, ಅತ್ತೆಯ ಗೊರಕೆಯ ಅಣಕ. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಳ್ಳುವಂತಾಗುತ್ತಿತ್ತು. ಮಗಳಿಗೆ ಹೆಸರು ಗೊತ್ತುಮಾಡಿದ್ದೂ ಒಂಟಿ ಮರದ ತಿರುವಿನಲ್ಲೇ. ಅಲ್ಲಿ ದಾರಿ ಒಮ್ಮೆಲೇ ವಾಲುತ್ತದೆ. ಪ್ರತಿ ಸಲವೂ "ಹಿಡ್ಕೋ" ಎನ್ನುತ್ತಿದ್ದರು.

ಕಣ್ಣಿನ ಡಾಕ್ಟರು ಇನ್ನು ಗಾಡಿ ಮುಟ್ಟಬಾರದು ಎಂದ ದಿನ ನಾನು ಕೈ ಚಾಚಿದೆ. ಕೀಲಿ ಕೊಟ್ಟರು. ಅವತ್ತೇ ಮಾತೂ ನಿಂತಿತು. ಈಗ ಬೆಳಗ್ಗೆ ವಾಕಿಂಗ್ ಅಂತ ಹೋಗುತ್ತಾರೆ, ಬರುತ್ತಾರೆ, ಜಗಲಿಯಲ್ಲಿ ಕೂರುತ್ತಾರೆ. ಎದುರಿಗೆ ಹೋಗಿ ನಿಂತರೂ ನನ್ನ ಭುಜದಾಚೆ ನೋಡುತ್ತಾರೆ. ಹೂಂ. ಊಹೂಂ.

ಇವತ್ತು ಒಂಟಿ ಮರದ ಹತ್ತಿರ ತಮ್ಮ ಸಿಳ್ಳೆ ಹಾಕುತ್ತಿದ್ದ. "ಹಿಡ್ಕೋ" ಎನ್ನಲಿಲ್ಲ. ನನ್ನ ತಲೆ ಬಾಗಿಲಿಗೆ ಬಡಿಯಿತು.

ಫೆಬ್ರುವರಿ 13

ಟೈರಿಗೆ ಗಾಳಿ ತುಂಬಿಸಿದ ಮೇಲೂ ಬಹಳ ವ್ಯತ್ಯಾಸವಿಲ್ಲ.

ತಮ್ಮ ಗುಡ್ಡದಿಂದ ಇಳಿದು ಬಂದ ಕೂಡಲೇ ಒಂದೊಂದು ಚಕ್ರದ ನಡುವೆಯೂ ಕೈ ಇಟ್ಟು ನೋಡಿದೆ, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಮೂರು ಬೆಚ್ಚಗೆ. ಮುಂದಿನದೊಂದು ಸುಡುತ್ತಿತ್ತು. ಬ್ರೇಕು ಹಿಡಿದುಕೊಂಡೇ ಇದೆ, ಬಿಡುತ್ತಿಲ್ಲ. ಇಂಜಿನ್ ಎಳೆಯುತ್ತದೆ, ಬ್ರೇಕು ತಡೆಯುತ್ತದೆ, ನಡುವೆ ಪೆಟ್ರೋಲು ಹಾಳು.

ಗ್ಯಾರೇಜಿನವನು ಬಿಚ್ಚಿ ನೋಡಿ, "ನಾನು ಅವತ್ತೇ ಅಂದ್ಕೊಂಡೆ" ಎಂದ.

"ಅಂದ್ಕೊಂಡು ಯಾಕೆ ಸುಮ್ಮನಿದ್ದೆ?"

"ನೀವು ಹೇಳಿದ್ದಷ್ಟು ಮಾಡು ಅಂದ್ರಲ್ಲ ಅಮ್ಮ."

ಗಿಲೀಟು ಮಾತು. ಆದರೆ ಕೆಲಸ ಚೆನ್ನಾಗಿ ಮಾಡಿದ.

ಒಂಬತ್ತೂಕಾಲು.

ಫೆಬ್ರುವರಿ 16, ಭಾನುವಾರ

ಒಂದು ಹುಚ್ಚು ಸಂಶಯ ಬಂತು. ಕುಡಿಯುವುದನ್ನು ಅಳೆದೆ ಸರಿ, ಓಡಿದ್ದನ್ನು ಯಾರು ಅಳೆದರು? ಮೀಟರು. ಮೀಟರನ್ನು ನಂಬಬಹುದೇ?

ಹೆದ್ದಾರಿಯ ಪಕ್ಕದ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತ ಹೋದೆವು. ಕಲ್ಲಿನ ಪ್ರಕಾರ ಹತ್ತು ಮುಗಿದಾಗ ಮೀಟರಿನಲ್ಲಿ ಒಂಬತ್ತು ಚಿಲ್ಲರೆ. ತಮ್ಮನನ್ನು ಕೇಳಿದೆ. ಎರಡು ವರ್ಷದ ಹಿಂದೆ ಗುಡ್ಡಕ್ಕೆ ಒಳ್ಳೆಯದೆಂದು ದೊಡ್ಡ ಟೈರ್ ಹಾಕಿಸಿದ್ದನಂತೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ. ಮೀಟರು ಎಣಿಸುವುದು ಸುತ್ತನ್ನು, ದೂರವನ್ನಲ್ಲ. ಹೈಸ್ಕೂಲಿನಲ್ಲಿ ಪರಿಧಿಯ ಲೆಕ್ಕ ತಪ್ಪಿದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ನಾನು ಒಂದು ದಿನವೂ ನಿಂತವಳಲ್ಲ.

ನಿಜಕ್ಕೂ ಹತ್ತು ಕೊಡುತ್ತಿದೆ. ಮಗಳಿಗೆ ಹೇಳಿದೆ.

"ಅಂದರೆ ಇಷ್ಟು ದಿನ ಕಡಿಮೆ ಕೊಟ್ಟೂ ಜಾಸ್ತಿ ಕೊಡ್ತಿತ್ತು ಅಂತೀಯ?"

"ಹೌದು."

"ಕೆಲವರು ಹಾಗೇ ಅಮ್ಮ. ತುಂಬ ಕೊಡ್ತಾರೆ, ಲೆಕ್ಕಕ್ಕೆ ಬರೋದಿಲ್ಲ." ಅವಳ ಅಪ್ಪ ಕೂತಿದ್ದ ಕಡೆ ನೋಡಿ ಹೇಳಿದಳು. ಆಮೇಲೆ ಮತ್ತೆ ಅದೇ ರಾಗ: "ಇನ್ನೂ ಎರಡು ಎಲ್ಲಿ?"

ಎರಡು ಎಲ್ಲಿ? ಅದೇ ನನಗೂ ಬೇಕು.

ಫೆಬ್ರುವರಿ 21

ಹೊಸ ಪ್ಲಗ್ಗುಗಳು ಮತ್ತೆ ಕಪ್ಪು! ಗ್ಯಾರೇಜಿನವನು ಅಂಗೈಯಲ್ಲಿಟ್ಟು ತೋರಿಸಿದ. ಈ ಸಲ ಬಾಯಿ ಸ್ವಲ್ಪ ತಗ್ಗಿತ್ತು.

"ಅಮ್ಮ, ತಪ್ಪು ತಿಳೀಬೇಡಿ. ಗಾಡಿ ಸುಮ್ಮಸುಮ್ಮನೆ ಓಡ್ತಾ ಇದೆ. ಚೋಕ್ ಎಳೆದಿಟ್ಟು, ಪೆಟ್ರೋಲು ಜಾಸ್ತಿ ಬಿಟ್ಕೊಂಡು, ಓಡಿಸ್ತಿದಾರೆ ಯಾರೋ."

ಸುಮ್ಮಸುಮ್ಮನೆ ಓಡುತ್ತಿದೆ! ನನ್ನ ಕೀಲಿ ನನ್ನ ಸೊಂಟದಲ್ಲಿರುವಾಗ. ತಮ್ಮನಿಗೆ ಬೆಳಗ್ಗೆ ಕೊಡುತ್ತೇನೆ, ಸಂಜೆ ಕಿತ್ತುಕೊಳ್ಳುತ್ತೇನೆ. ಹಾಗಾದರೆ ಕೆಲಸದ ನೆಪದಲ್ಲಿ ಇನ್ನೆಲ್ಲಿಗೋ ಹೋಗಿ ಬರುತ್ತಿದ್ದಾನೆಯೇ? ಅಥವಾ ಕಳ್ಳಗೀಲಿಯೇ?

ಇವತ್ತಿನಿಂದ ಸಂಜೆ ಮೀಟರ್ ನೋಡಿಡುತ್ತೇನೆ. ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿ ಪೆಟ್ರೋಲಿನ ಮಟ್ಟಕ್ಕೂ ಗುರುತು.

ತಮ್ಮನಿಗೆ ಇದು ಹಿಡಿಸಿಲ್ಲ. "ಹುಡುಕಿದ್ದು ಸಾಕು ಬಿಡು ಅಕ್ಕ. ಹಳೇ ಗಾಡಿ. ಕುಡಿಯುತ್ತೆ, ಕುಡೀಲಿ."

ಇಷ್ಟು ದಿನ ನಗುತ್ತಿದ್ದವನು ಈಗ ನಗುತ್ತಿಲ್ಲ.

ಫೆಬ್ರುವರಿ 24

ಮೂರು ದಿನ ನೋಡಿದೆ. ಸಂಜೆ ಇದ್ದ ಮೀಟರೇ ಬೆಳಗ್ಗೆ. ಒಂದು ಅಂಕೆ ಕದಲಿಲ್ಲ. ಆದರೆ ಕಡ್ಡಿಯ ಗುರುತು ದಿನವೂ ಕೆಳಗೆ.

ಗಾಡಿ ಓಡಿಲ್ಲ, ಪೆಟ್ರೋಲು ಇಳಿದಿದೆ. ಹಾಗಾದರೆ ಒಂದೇ ಅರ್ಥ. ಯಾರೋ ಪೈಪು ಹಾಕಿ ಎಳೆಯುತ್ತಿದ್ದಾರೆ.

ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದೆ. ಆಮೇಲೆ ತಮ್ಮನನ್ನು ಕರೆದೆ. ನೇರ ಕೇಳಿದೆ.

ಮುಖ ಇಷ್ಟು ಚಿಕ್ಕದಾಯಿತು. "ಕಳ್ಳ ಅಂತೀಯಾ ನನ್ನ?"

"ಅನ್ನಲಿಲ್ಲ. ಕೇಳಿದೆ. ನಿನಗೆ ಏನೋ ಗೊತ್ತು. ಹೇಳು."

"ಗೊತ್ತಿಲ್ಲ."

"ಸುಳ್ಳು."

ಅವನ ಸುಳ್ಳು ನನಗೆ ಹೊಸದು. ಚಿಕ್ಕಂದಿನಿಂದ ಎತ್ತಿ ಆಡಿಸಿದವಳು, ಗೊತ್ತಾಗದೆ ಇರುತ್ತದೆಯೇ? ಅವನು ಜೀಪಿನ ಕೀಲಿ ಮೇಜಿನ ಮೇಲಿಟ್ಟು ಊಟ ಮಾಡದೆ ಹೋದ. ಜಗಲಿಯಲ್ಲಿ ಇವರು ಕೂತಿದ್ದರು. ತಮ್ಮ ಅವರ ಮುಂದೆ ಒಂದು ಗಳಿಗೆ ನಿಂತ. ಏನಾದರೂ ಹೇಳುತ್ತಾನೆ ಅಂದುಕೊಂಡೆ. "ಬರ್ತೀನಿ ಭಾವ" ಅಂದ, ಅಷ್ಟೇ.

ಮಾರ್ಚ್ 9, ಭಾನುವಾರ

ಬರೆಯಲು ಮನಸ್ಸಿರಲಿಲ್ಲ.

ತಮ್ಮ ಬಂದಿಲ್ಲ. ನಾನು ಕರೆದಿಲ್ಲ. ಮಗಳು ಬಾಡಿಗೆ ಗಾಡಿಯಲ್ಲಿ ಪೆಟ್ಟಿಗೆ ಸಾಗಿಸುತ್ತಿದ್ದಾಳೆ. ಆ ಡ್ರೈವರ್ ಹುಳುವಿಗೆ ಹೆದರಿ ಗಾಜು ಏರಿಸಿಕೊಂಡು ಬೆವರುತ್ತಾನಂತೆ. ಊಟದ ಮೇಜು ಸಪ್ಪೆ. ಕಿಸಕ್ಕೆನ್ನುವವರಿಲ್ಲ.

ಜೀಪು ಶೆಡ್ಡಿನಲ್ಲೇ. ಇವತ್ತು ಯಾಕೋ ಹೋಗಿ ಕಡ್ಡಿ ಇಳಿಸಿದೆ. ಬೀಗ ಹಾಗೇ ಇದೆ. ಮೀಟರ್ ಹಾಗೇ ಇದೆ. ಪೆಟ್ರೋಲು ಮಾತ್ರ ಅರ್ಧಕ್ಕಿಂತ ಕೆಳಗೆ.

ತಮ್ಮ ಇಲ್ಲ, ಬೀಗ ಮುರಿದಿಲ್ಲ, ಸೋರಿದ ಗುರುತಿಲ್ಲ. ತಲೆ ಚಿಟ್ಟು ಹಿಡಿಯಿತು. ಶೆಡ್ಡಿನ ಹಿಂಗೋಡೆಯ ತಗಡಿನ ಮೇಲೆ, ಸೈಲೆನ್ಸರ್ ಎದುರಿಗೆ, ಒಂದು ದೊಡ್ಡ ಕಪ್ಪು ಸೂರ್ಯ. ಮಸಿ. ಇದನ್ನು ಮೊದಲು ನೋಡಿದ್ದೆನೇ?

ಮಗಳು ನೆನಪಿಸಿದಳು: "ಮಾರ್ಚ್ ಕೊನೆ ಅಂದಿದ್ದೆ ಅಮ್ಮ." ಗೊತ್ತು ಎಂದೆ.

ಮಾರ್ಚ್ 12

ಬೆಳಗ್ಗೆ ಮೋಟಾರು ಹಾಕಿ ಕೂತಿದ್ದೆ. ಕರೆಂಟು ಹೋಯಿತು.

ಮೋಟಾರು ನರಳಿ ನಿಂತಿತು. ಆ ಮೌನದಲ್ಲಿ ಇನ್ನೊಂದು ಸದ್ದು. ದೂರದಿಂದ, ಖಾಲಿ ಪೆಟ್ಟಿಗೆಗಳ ಸಾಲಿನಾಚೆಯಿಂದ. ಜೀಪಿನ ಇಂಜಿನ್. ಸೊಂಟ ಮುಟ್ಟಿ ನೋಡಿಕೊಂಡೆ. ಕೀಲಿ ಇದೆ.

ಮೇಣ ಕೆರೆಯುವ ಕಬ್ಬಿಣದ ಪಟ್ಟಿ ಕೈಗೆ ಸಿಕ್ಕಿತು. ಹಿಡಿದು ಹೊರಟೆ. ಸಿಗಲಿ ಕಳ್ಳ, ಇವತ್ತು ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡೇ ಹೋದೆ. ಶೆಡ್ಡಿನ ಹಿಂದೆ, ತಗಡಿನ ಮರೆಗೆ ನಿಂತೆ.

ಮಾತು ಕೇಳಿಸಿತು.

"...ಒಂಟಿ ಮರ ಬಂತು. ಹಿಡ್ಕೋ."

ಇಂಜಿನ್ ಒಂದು ಸಲ ಏರಿತು, ಇಳಿಯಿತು.

"ಹಿಡ್ಕೊಂಡ್ಯಾ? ಹಾಂ. ಪ್ರತಿ ಸಲ ಹೇಳಬೇಕು ನಿನಗೆ. ಹೇಳದಿದ್ದರೆ ಹಿಡ್ಕೊಳ್ಳೋದಿಲ್ಲ, ಹೇಳಿದರೆ ಮುಖ ಊದಿಸ್ಕೋತೀಯ."

ಇವರು. ಇವರ ದನಿ. ಎರಡು ವರ್ಷದಿಂದ ಕೇಳದ ದನಿ. ತಗಡು ಹಿಡಿದುಕೊಂಡೆ.

"ಮಗಳು ಇದನ್ನ ಮಾರ್ತಾಳಂತೆ. ನೀನು ಬಿಡೋದಿಲ್ಲ, ನಿನ್ನ ಹಠ ನನಗೆ ಗೊತ್ತಿಲ್ವಾ. ಆದರೆ ಕಾರಣ ಹುಡುಕ್ತೀನಿ ಅಂದುಬಿಟ್ಟೆಯಲ್ಲ ಮಹಾತಾಯಿ! ಅದೊಂದು ಅನ್ನಬಾರದಿತ್ತು. ನಿನ್ನ ತಮ್ಮನ ಮುಖ ನೋಡೋಕಾಗಲಿಲ್ಲ ನನಗೆ... ಮುಖ ಅಂದೆ ನೋಡು. ಅಭ್ಯಾಸ."

ನಕ್ಕರು. ಗೇರು ಬದಲಿಸಿದ ಸದ್ದು.

"ಮುಖ ಕಾಣೋದಿಲ್ಲ ಕಣೇ. ಸುತ್ತಮುತ್ತ ಎಲ್ಲ ಕಾಣುತ್ತೆ. ನಡುವೆ ಮಾತ್ರ ಮಸಿ ಮೆತ್ತಿದ ಹಾಗೆ. ನೀನು ಎದುರಿಗೆ ಬಂದು ನಿಂತರೆ ಕಿವಿ ಕಾಣುತ್ತೆ, ಭುಜ ಕಾಣುತ್ತೆ. ಮುಖ ಇರೋ ಜಾಗದಲ್ಲಿ ಏನೂ ಇಲ್ಲ. ಅದರ ಹತ್ತಿರ ಏನಂತ ಮಾತಾಡಲಿ? ಬಾಯೇ ಬರೋದಿಲ್ಲ. ಇಲ್ಲಿ ಪರವಾಗಿಲ್ಲ. ಗಾಡಿ ಓಡಿಸುವಾಗ ನಿನ್ನ ಮುಖ ನಾನು ಯಾವತ್ತು ನೋಡಿದ್ದೆ? ರಸ್ತೆ ತಾನೆ ನೋಡ್ತಿದ್ದದ್ದು. ಪಕ್ಕದಲ್ಲಿ ನೀನಿದ್ದೀಯ ಅಂತ ಗೊತ್ತಿರ್ತಿತ್ತು. ಅಷ್ಟೇ."

ಒಳಗೆ ಹೋಗಲಿಲ್ಲ. ಹೋದರೆ ಅವರು ಸಿಕ್ಕಿಬಿದ್ದ ಕಳ್ಳರಾಗುತ್ತಾರೆ.

ಸಂದಿಯಿಂದ ಕಂಡದ್ದಿಷ್ಟು — ಸ್ಟಿಯರಿಂಗ್ ಮೇಲೆ ಎರಡು ಕೈ. ಕೀಲಿಯ ತೂತಿನಲ್ಲಿ ನನ್ನ ಜಾಡಿ ಅಲಮಾರಿಯ ಕೀಲಿ. ಸವೆದ ಬೀಗ, ಯಾವುದು ಹಾಕಿದರೂ ತಿರುಗುತ್ತದೆ. ಪಕ್ಕದ ಸೀಟಿನ ಧೂಳನ್ನು ಒರೆಸಿದ್ದರು.

ಕರೆಂಟು ಬಂತು. ಮನೆಯ ಕಡೆ ಮೋಟಾರು ಗುಂಯ್ ಎಂದಿತು. ಮತ್ತೆ ಏನೂ ಕೇಳಿಸಲಿಲ್ಲ. ಎಷ್ಟು ಬೆಳಗ್ಗೆಗಳು ನಾನೇ ಆ ಮೋಟಾರು ಹಾಕಿಕೊಂಡು...

ಅಂಗೈ ತುಂಬ ಮಸಿ. ಸೋಪು ಹಾಕಿ ತೊಳೆದೆ.

ಅವನು ಸರಿಯಾಗಿಯೇ ಹೇಳಿದ್ದ, ಗ್ಯಾರೇಜಿನವನು. ಓಡುತ್ತಿದೆ ಅಂದ. ಓಡುವುದೆಂದರೆ ಎಲ್ಲಿಗೋ ಹೋಗುವುದು ಎಂದು ನಾನು ತಿಳಿದೆ.

ಮಾರ್ಚ್ 13

ಇವರು ಊಟಕ್ಕೆ ಕುಳಿತಾಗ ಎದುರಿಗೆ ಕೂರಲಿಲ್ಲ. ಪಕ್ಕದಲ್ಲಿ ಕುಳಿತೆ. ಮಗಳು ಹುಬ್ಬೇರಿಸಿದಳು.

"ಉಪ್ಪು ಸರಿ ಇದೆಯಾ?" ಎಂದೆ, ಗೋಡೆ ನೋಡುತ್ತ.

"ಸ್ವಲ್ಪ ಜಾಸ್ತಿ" ಎಂದರು.

ಹೂಂ ಅಲ್ಲ. ಊಹೂಂ ಅಲ್ಲ. ಎರಡು ಪದ. ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಮಾರ್ಚ್ 15, ಶನಿವಾರ

ತಮ್ಮನ ಮನೆಗೆ ಹೋದೆ. ನಾನು ಯಾರ ಬಾಗಿಲಿಗೂ ಹಾಗೆ ಹೋದವಳಲ್ಲ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹೊಲಿದುಕೊಳ್ಳುತ್ತಿದ್ದ.

"ಕಳ್ಳನ ಮನೆಗೆ ಯಾಕೆ ಬಂದೆ?"

"ಕಳ್ಳ ಸಿಕ್ಕ."

ಸೂಜಿ ನಿಂತಿತು. ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತು. ಮೊದಲಿನಿಂದ ಗೊತ್ತಿತ್ತು.

"ದಿನಾ ಬೆಳಗ್ಗೆ ಬಾನೆಟ್ ಮೇಲೆ ಕೈ ಇಟ್ಟರೆ ಬೆಚ್ಚಗಿರ್ತಿತ್ತು ಅಕ್ಕ. ಒಂದು ದಿನ ಬೇಗ ಬಂದು ನೋಡಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದರೆ ಆ ಕೀಲಿನೂ ಕಿತ್ಕೋತಿದ್ದೆ."

ಸೊಂಟದ ಗೊಂಚಲನ್ನು ಸೆರಗಿನಡಿ ಸರಿಸಿದೆ.

ಕೆಲಸಕ್ಕೆ ಹೊಸದೊಂದು ಸಣ್ಣ ಟ್ರಕ್ ಕೊಳ್ಳಿಸುತ್ತೇನೆ, ಓಡಿಸಲು ಬಾ ಎಂದೆ. ಟೈರಿಗೆ ಗಾಳಿ ಸರಿಯಾಗಿರಬೇಕು ಎಂದೂ ಹೇಳಿದೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಅವನಿಗೆ ಗೊತ್ತು.

"ಊಟಕ್ಕೆ ಏನಿರುತ್ತೆ?" ಎಂದ.

"ಬಂದರೆ ಗೊತ್ತಾಗುತ್ತೆ."

ಕಿಸಕ್ಕೆಂದ.

ಮಾರ್ಚ್ 18

ಕೊಳ್ಳುವವನು ನಾಡಿದ್ದು ಬರುತ್ತಾನೆ ಎಂದು ಮಗಳು ಹೇಳಿದಳು. ಬೇಡ ಎಂದೆ.

"ಅಮ್ಮ! ಮಾತು ಕೊಟ್ಟಿದ್ದೆ."

"ಕಾರಣ ಹುಡುಕ್ತೀನಿ ಅಂದಿದ್ದೆ. ಸಿಕ್ಕಿದೆ."

"ಏನು ಕಾರಣ?"

"ಸಿಕ್ಕಿದೆ ಅಂದೆನಲ್ಲ."

"ಸರಿ, ರಿಪೇರಿ ಆಗುತ್ತಾ?"

"ಮಾಡಿಸೋದಿಲ್ಲ. ಹುಡುಕ್ತೀನಿ ಅಂದಿದ್ದೆ, ಸರಿ ಮಾಡಿಸ್ತೀನಿ ಅಂದಿರಲಿಲ್ಲ."

ಎರಡೂ ಕೈ ಮೇಲಕ್ಕೆತ್ತಿದಳು. ಕೆಲಸಕ್ಕೆ ನಿನಗೆ ಬೇಕಾದ ಗಾಡಿ ಕೊಂಡುಕೋ, ಅಡ್ಡ ಬರುವುದಿಲ್ಲ, ಇದು ಮಾತ್ರ ಶೆಡ್ಡಿನಲ್ಲೇ ಇರುತ್ತದೆ ಎಂದೆ.

"ಶೆಡ್ಡಿನಲ್ಲಿ ನಿಂತು ಏನು ಕೊಡುತ್ತೆ ಅದು?"

ಹೇಳಲಿಲ್ಲ. ಅವಳ ಅಪ್ಪನ ಗುಟ್ಟು, ನಾನು ಯಾಕೆ ಹೇಳಲಿ.

ಮಾರ್ಚ್ 21, ಶುಕ್ರವಾರ

ಇವರನ್ನು ಕಣ್ಣು ತೋರಿಸಿಕೊಂಡು ಬರಲೆಂದು ಮಗಳ ಜೊತೆ ಕಳಿಸಿ, ಗ್ಯಾರೇಜಿನವನನ್ನು ಕರೆಸಿದೆ. ತಮ್ಮನೂ ಇದ್ದ. ಹಿಂಗೋಡೆಯ ತಗಡುಗಳನ್ನೆಲ್ಲ ಅವನೇ ಕಳಚಿದ. ಹೊಗೆ ಆಚೆ ಹೋಗಬೇಕು. ಶೆಡ್ಡು ಈಗ ಎರಡೂ ಕಡೆ ಬಯಲು, ಇತ್ತ ನಿಂತರೆ ಅತ್ತ ಗುಡ್ಡ ಕಾಣುತ್ತದೆ. ಚೋಕಿನ ಕೇಬಲ್ ಸಡಿಲಿಸಿದ್ದಾಯಿತು. ಕೊನೆಗೆ ಇಂಜಿನ್ನಿನಿಂದ ಚಕ್ರಕ್ಕೆ ಹೋಗುವ ಶಾಫ್ಟ್ ಬಿಚ್ಚಿಬಿಡು ಎಂದೆ. ಗ್ಯಾರೇಜಿನವನು ಕಣ್ಣು ಕಣ್ಣು ಬಿಟ್ಟ.

"ಬಿಚ್ಚಿದರೆ ಗಾಡಿ ಹೋಗೋದೇ ಇಲ್ಲ ಅಮ್ಮ!"

"ಹೋಗೋದು ಬೇಡ. ಓಡಿದರೆ ಸಾಕು. ಗೇರು ಹಾಕಿ ಕ್ಲಚ್ ಬಿಟ್ಟರೂ ಒಂದು ಗೇಣು ಕದಲಬಾರದು."

ಬಿಚ್ಚಿದ. ಒರೆಸಿಕೊಳ್ಳುತ್ತ ಎದ್ದು, ತಾನೇ ನಗಲು ಶುರು ಮಾಡಿದ. "ಒಂದು ತಮಾಷೆ ನೋಡಿ. ಇದರ ಮೀಟರ್ ಕೇಬಲ್ ಗೇರ್‌ಬಾಕ್ಸಿನ ಕಡೆಯಿಂದ. ಚಕ್ರ ತಿರುಗದಿದ್ದರೂ ಗೇರು ಹಾಕಿದರೆ ಮೀಟರ್ ತಿರುಗುತ್ತೆ. ಎಳೆಯೋ ಭಾರನೂ ಇಲ್ಲ. ಇನ್ಮೇಲೆ ಲೀಟರಿಗೆ ಇಪ್ಪತ್ತು ಕೊಟ್ಟರೂ ಕೊಡ್ತು!"

ತಮ್ಮ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತ. ನನಗೂ ತಡೆಯಲಾಗಲಿಲ್ಲ.

"ಇನ್ನೊಂದು ಕೆಲಸ ಇದೆ" ಎಂದೆ. "ಹಾರ್ನ್ ಹಾಕು."

"ಮೈಲೇಜಿಗೂ ಹಾರ್ನಿಗೂ ಏನು ಸಂಬಂಧ ಅಮ್ಮ?"

"ಹೇಳಿದ್ದಷ್ಟು ಮಾಡು."

ಮಾರ್ಚ್ 22, ಶನಿವಾರ. ಬೆಳಗ್ಗೆ

ಇವತ್ತು ಮೋಟಾರು ಹಾಕಲಿಲ್ಲ. ಜೇನು ಕಾಯಲಿ.

ಜೀಪಿನ ಕೀಲಿಯನ್ನು ಗೊಂಚಲಿನಿಂದ ಬಿಚ್ಚಿದೆ. ಉಗುರು ಮುರಿಯಿತು. ಚಹಾ ಕೊಡುವಾಗ ಲೋಟದ ಪಕ್ಕ ಇಟ್ಟೆ. ಇವರ ಬೆರಳು ಲೋಟ ಹುಡುಕುತ್ತ ಬಂದು ಕೀಲಿಗೆ ತಾಗಿತು. ನಿಂತಿತು. ಹಲ್ಲು ಹಲ್ಲಾಗಿ ಮುಟ್ಟಿ ನೋಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಎದುರಿಗಲ್ಲ.

ಜೇಬಿನಿಂದ ಏನೋ ತೆಗೆದು ಮೇಜಿನ ಮೇಲಿಟ್ಟರು. ಜಾಡಿ ಅಲಮಾರಿಯ ಕೀಲಿ. ಚಹಾ ಕುಡಿದು ಮುಗಿಸಿ ಎದ್ದು ಹೋದರು. ಹೆಜ್ಜೆ ಬಾಗಿಲು ದಾಟಿತು, ಪೆಟ್ಟಿಗೆಗಳ ಸಾಲು ದಾಟಿತು.

ಶಾಫ್ಟ್ ಇಲ್ಲವೆಂದು ಗೊತ್ತಾಗಬಹುದು. ಗೊತ್ತಾಗಲಿ. ಬೇಸರ ಪಟ್ಟುಕೊಂಡರೆ... ನೋಡೋಣ. ಹಾರ್ನಿನ ವಿಷಯ ಹೇಳಿಲ್ಲ. ಸತ್ತ ಹಾರ್ನನ್ನು ಯಾರು ಒತ್ತಿ ನೋಡುತ್ತಾರೆ? ಒತ್ತದೆಯೂ ಇರಬಹುದು. ಒತ್ತದಿದ್ದರೆ ನಾನಾಗಿ ಹೋಗುವುದೇ, ಕರೆಯದೆ?

ಇಂಜಿನ್ ಹಾಕಿದರು. ಇಲ್ಲಿಗೆ ಕೇಳಿಸುತ್ತಿದೆ, ಎಷ್ಟು ಚೆನ್ನಾಗಿ. ಈಗ ಹೊಗೆ ಕಪ್ಪಿರಲಾರದು. ಗೇರು ಹಾಕಿದರು. ಕ್ಲಚ್ ಬಿಟ್ಟಿರಬೇಕು, ಸದ್ದು ಬದಲಾಯಿತು. ನಿಂತಿತು. ಇಲ್ಲ, ನಿಂತಿಲ್ಲ, ಓಡುತ್ತಿದೆ. ಸುಮ್ಮನಾದರು ಯಾಕೆ

ಹಾರ್ನ್.

ಒಂದೇ ಸಲ. ಗಿಡ್ಡನೆ. ನನ್ನ ಚಪ್ಪಲಿ ಎಲ್ಲಿ —